ಪ್ರೋಟೀನ್ ಒಂದೇ, ರೋಗ ಹಲವು: ಪ್ರಯಾನ್ ತಳಿಗಳ ಹಿನ್ನೆಲೆ

ಕುರಿಗಳ ಮಿದುಳಿಗೆ ಬರುವ ಸ್ಕ್ರೇಪಿ ರೋಗ ಯುರೋಪಿನ ಕುರಿಗಾಹಿಗಳಿಗೆ 18ನೇ ಶತಮಾನದಿಂದಲೇ ಗೊತ್ತು. ಇದು ಅಂಟುರೋಗ ಅಂತ ಫ್ರಾನ್ಸಿನಲ್ಲಿ 1936ರಲ್ಲಿ ತಿಳಿಯಿತು. 1961ರಲ್ಲಿ ಬ್ರಿಟನ್ನಿನ ಪ್ಯಾಟಿಸನ್ ಮತ್ತು ಮಿಲ್ಸನ್ ಅದನ್ನು ಆಡುಗಳಿಗೆ ಚುಚ್ಚಿ ನೋಡಿದರು. ಕೆಲವು ಆಡು ಮೈ ಕೆರೆದುಕೊಂಡವು, ಕೆಲವು ಸುಮ್ನೆ ತೂಕಡಿಸಿದವು. ಒಂದೇ ರೋಗಕಾರಕದಲ್ಲೂ ಬೇರೆ ಬೇರೆ ತಳಿ ಇದೆಯಾ ಅನ್ನುವ ಪ್ರಶ್ನೆ ಎದ್ದದ್ದು ಅಲ್ಲಿಂದ.

1982ರಲ್ಲಿ ಅಮೆರಿಕದ ವಿಜ್ಞಾನಿ ಸ್ಟಾನ್ಲಿ ಪ್ರುಸಿನರ್ ಈ ರೋಗಕಾರಕಕ್ಕೆ ಪ್ರಯಾನ್ ಅಂತ ಹೆಸರಿಟ್ಟರು. ವೈರಸ್ ಅಲ್ಲ, ಬರೀ ತಪ್ಪಾಗಿ ಮಡಚಿದ ಪ್ರೋಟೀನ್ ಅಂದರು. ಜೀನೇ ಇಲ್ಲದ್ದಕ್ಕೆ ತಳಿ ಎಲ್ಲಿಂದ ಬಂತು? ವಿರೋಧಿಗಳ ಈ ಪ್ರಶ್ನೆ ನ್ಯಾಯವಾದದ್ದೇ. 90ರ ದಶಕದ ಆರಂಭದಲ್ಲಿ ಬೆಸೆನ್ ಮತ್ತು ಮಾರ್ಷ್ ಹ್ಯಾಮ್‌ಸ್ಟರ್‌ಗಳಲ್ಲಿ ಉತ್ತರದ ದಾರಿ ತೋರಿಸಿದರು. ಪ್ರಯಾನ್‌ನ ಎರಡು ತಳಿ, ಒಂದೇ ಪ್ರೋಟೀನ್. ಆದರೆ ಕಿಣ್ವ ಅದನ್ನು ಕತ್ತರಿಸುವ ಜಾಗ ಬೇರೆ ಬೇರೆ. ಅಂದರೆ ಮಡಿಕೆ ಬೇರೆ. ಒಂದೇ ಪಂಚೆಯನ್ನು ಲುಂಗಿಯಾಗಿಯೂ ಸುತ್ತಬಹುದು, ಕಚ್ಚೆಯನ್ನೂ ಹಾಕಬಹುದಲ್ವಾ, ಹಾಗೆ.

ಈ ಚರ್ಚೆ ಪ್ರಯೋಗಾಲಯದಿಂದ ಹೊರಗೆ ಬಂದದ್ದು ಹಸುಗಳಿಂದ. 1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು. ಸತ್ತ ಪ್ರಾಣಿಗಳ ಮಾಂಸ, ಮೂಳೆ ಪುಡಿ ಮಾಡಿ ಹಸುಗಳ ಮೇವಿಗೆ ಬೆರೆಸುತ್ತಿದ್ದರು. ರೋಗ ಹರಡಿದ್ದು ಅದರಿಂದ. ಆಗ ಜನರಿಗೆ ಸಿಕ್ಕ ಸಮಾಧಾನ ಇಷ್ಟು: ಇನ್ನೂರು ವರ್ಷದಿಂದ ಸ್ಕ್ರೇಪಿ ಮನುಷ್ಯರಿಗೆ ಬಂದಿಲ್ಲ, ಹಸುವಿನದ್ದೂ ಬರಲಿಕ್ಕಿಲ್ಲ. ಕುರಿಯ ಲೆಕ್ಕವನ್ನೇ ಹಸುವಿಗೂ ಹಿಡಿದರು. ತಳಿ ಬೇರೆ ಇರಬಹುದು ಅನ್ನುವ ಅನುಮಾನಕ್ಕೆ ಸಿಗಬೇಕಾದ ತೂಕ ಸಿಗಲಿಲ್ಲ. 1990ರಲ್ಲಿ ಸಾಕು ಬೆಕ್ಕುಗಳಲ್ಲೂ ಇಂಥದೇ ರೋಗ ಕಾಣಿಸಿಕೊಂಡಿತು. ಆಗಲಾದರೂ ಭರವಸೆಯ ಮಾತು ಸ್ವಲ್ಪ ಕಡಿಮೆ ಆಗಬೇಕಿತ್ತು.

1996ರ ಮಾರ್ಚ್‌ನಲ್ಲಿ ಮನುಷ್ಯರಲ್ಲಿ ಹೊಸ ಬಗೆಯ ಸಿಜೆಡಿ (ಕ್ರೂಟ್ಸ್‌ಫೆಲ್ಟ್-ಜಾಕೋಬ್ ರೋಗ, ಮನುಷ್ಯರ ಮಿದುಳಿನ ಪ್ರಯಾನ್ ರೋಗ) ಬಂದಿದೆ ಅಂತ ಪ್ರಕಟವಾಯಿತು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಮೂಲ ಹಸುವೇ ಅಂತ ಗಟ್ಟಿ ಮಾಡಿದ್ದು ಎಡಿನ್‌ಬರೋದ ಹಳೆಯ ವಿಧಾನ. ಅಲನ್ ಡಿಕಿನ್ಸನ್ ತಂಡ ದಶಕಗಳ ಹಿಂದೆಯೇ ಇಲಿಗಳಲ್ಲಿ ಎರಡು ಗುರುತು ಹಿಡಿದಿತ್ತು: ಚುಚ್ಚಿದ ಎಷ್ಟು ದಿನಕ್ಕೆ ರೋಗ ಕಾಣುತ್ತದೆ, ಮಿದುಳಿನ ಯಾವ ಭಾಗದಲ್ಲಿ ತೂತು ಬೀಳುತ್ತದೆ. ತುಂಬಾ ನಿಧಾನದ ಕೆಲಸ, ಹೆಸರು ತರುವಂಥದ್ದೂ ಅಲ್ಲ. 1997ರಲ್ಲಿ ಮೊಯಿರಾ ಬ್ರೂಸ್ ತಂಡ ಅದೇ ರೀತಿ ನೋಡಿದಾಗ ಹಸುವಿನ ರೋಗ, ಹೊಸ ಸಿಜೆಡಿ ಎರಡೂ ಒಂದೇ ತಳಿ ಅಂತ ಗೊತ್ತಾಯಿತು. ಮಾಮೂಲಿ ಸಿಜೆಡಿ ಬೇರೆಯೇ ಇತ್ತು. ಹೊಸ ಸಿಜೆಡಿಯಿಂದ ಬ್ರಿಟನ್ನಿನಲ್ಲಿ 178 ಜನ ಸತ್ತರು.

ಆಮೇಲೆ ತಳಿಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಕುರಿಗಳಲ್ಲಿ ನಾರ್98 ಅನ್ನುವ ತಳಿ, ಹಸುಗಳಲ್ಲಿ ಎಚ್ ಮತ್ತು ಎಲ್ ಬಗೆ. 2016ರಲ್ಲಿ ನಾರ್ವೆಯ ಹಿಮಸಾರಂಗದಲ್ಲಿ ಜಿಂಕೆಗಳ ಪ್ರಯಾನ್ ರೋಗ ಸಿಕ್ಕಿತು. ಅದು ಅಮೆರಿಕದ್ದರ ಹಾಗೆ ಇರಲಿಲ್ಲ. ಜಿಂಕೆಯಿಂದ ಮನುಷ್ಯರಿಗೆ ಬಂದ ಖಚಿತ ಪ್ರಕರಣ ಈವರೆಗೆ ಇಲ್ಲ. ಆದರೆ ಈ ಮಾತು ಯಾವ ತಳಿಯ ಬಗ್ಗೆ ಅಂತಲೂ ಕೇಳಬೇಕಲ್ವಾ?