ವಿಷ ತಿಂದೂ ತಿಂದೂ ಇಲಿಗೆ ಅಭ್ಯಾಸ ಆಗ್ಬಿಡತ್ತಾ?

ಓದುಗರ ಪ್ರಶ್ನೆ: ಮೊದಲೆಲ್ಲ ಅಂಗಡಿಯ ಕೇಕ್ ಇಟ್ರೆ ಇಲಿ ಸಾಯ್ತಿದ್ವು, ಈಗ ತಿಂದ್ಮೇಲೂ ಆರಾಮಾಗಿ ಓಡಾಡ್ತವೆ. ವಿಷ ಅಭ್ಯಾಸ ಆಗೋಗಿದ್ಯಾ?

ಬಹಳ ಜನ ಹೀಗೇ ಅಂದ್ಕೊಂಡಿದಾರೆ, ಆದ್ರೆ ತಿಂದ ಇಲಿ ಬದಲಾಗಲ್ಲ ಕಣ್ರೀ, ಬದಲಾಗೋದು ಅದರ ವಂಶ. ನಿಮ್ಮನೇಲಿ ಕಾರಣ ಬೇರೆನೂ ಇರಬಹುದು, ಈ ಕೇಕುಗಳು ಕೊಲ್ಲೋಕೆ ಕೆಲವು ದಿನ ಬೇಕು, ಅಥವಾ ಇಲಿ ಸಾಕಷ್ಟು ತಿಂದೇ ಇರಲ್ಲ. ಆದ್ರೆ ವಿಷಕ್ಕೆ ಬಗ್ಗದ ಇಲಿಗಳು ನಿಜವಾಗ್ಲೂ ಇವೆ.

ವಾರ್ಫರಿನ್ ಅಂತ ಹಾರ್ಟ್ ಪೇಷೆಂಟುಗಳಿಗೆ ರಕ್ತ ತೆಳು ಮಾಡೋಕೆ ಕೊಡ್ತಾರಲ್ಲ, ಅದು ಇಲಿ ವಿಷನೂ ಹೌದು, 1950ರ ಹೊತ್ತಿಗೆ ಬಳಕೆಗೆ ಬಂತು. ರಕ್ತ ಹೆಪ್ಪುಗಟ್ಟೋಕೆ ವಿಟಮಿನ್ ಕೆ ಬೇಕು, ಒಮ್ಮೆ ಖರ್ಚಾದ ವಿಟಮಿನ್ ಕೆನ ಮತ್ತೆ ಬಳಕೆಗೆ ತರೋ ಒಂದು ಎಂಜೈಮ್ ಇದೆ, ವಿಷ ಅದನ್ನೇ ಕಟ್ಟಿಹಾಕತ್ತೆ, ಇಲಿ ಒಳಗೊಳಗೇ ರಕ್ತಸ್ರಾವ ಆಗಿ ಸಾಯತ್ತೆ. ಕೆಲವು ಇಲಿಗಳಲ್ಲಿ ಆ ಎಂಜೈಮಿನ ಜೀನೇ ಸ್ವಲ್ಪ ಬೇರೆ ಥರ ಇರತ್ತೆ, ವಿಷಕ್ಕೆ ಹಿಡಿತ ಸಿಗಲ್ಲ. ಉಳಿದವು ಸಾಯ್ತವೆ, ಇವು ಉಳೀತವೆ, ಮರಿ ಹಾಕ್ತವೆ, ಮರಿಗಳಿಗೂ ಅದೇ ಜೀನ್, ಇಲಿ ಎರಡು ತಿಂಗಳಿಗೇ ಪ್ರಾಯಕ್ಕೆ ಬರತ್ತಾದ್ರಿಂದ ಲೆಕ್ಕ ಬೇಗ ತಿರುಗತ್ತೆ.

ನಂಗೆ ತುಂಬಾ ಇಷ್ಟವಾದ ವಿಷಯ ಇದು: ಆ ಜೀನ್ ಕೆಲವೊಮ್ಮೆ ಬೇರೆ ಜಾತಿಯಿಂದ ಬಂದಿರತ್ತೆ! 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಪೇನ್ ಮತ್ತೆ ಜರ್ಮನಿಯ ಮನೆ ಇಲಿಗಳಲ್ಲಿ ಅಲ್ಜೀರಿಯನ್ ಇಲಿಯ ಜೀನ್ ಸಿಕ್ತು. ಈ ಎರಡು ಜಾತಿ ಬೇರೆಯಾಗಿ ಹತ್ತು ಲಕ್ಷ ವರ್ಷದ ಮೇಲಾಗಿದೆ, ಕೂಡಿದ್ರೂ ಹುಟ್ಟೋ ಗಂಡುಮರಿಗಳು ಹೆಚ್ಚಾಗಿ ಬಂಜೆ, ಆದ್ರೆ ಹೆಣ್ಣುಮರಿಗಳ ಮೂಲಕ ಜೀನ್ ದಾಟಿಬಿಟ್ಟಿದೆ. ಜರ್ಮನಿಯಲ್ಲಂತೂ ಅಲ್ಜೀರಿಯನ್ ಇಲಿ ವಾಸಾನೇ ಮಾಡಲ್ಲ, ಅಲ್ಲೀವರೆಗೂ ಜೀನ್ ಹೋಗಿದೆ ನೋಡಿ. ಮನುಷ್ಯ ವಿಷ ಹಾಕದೇ ಇದ್ದಿದ್ರೆ ಅದು ಇಷ್ಟು ಹರಡ್ತಾನೇ ಇರಲಿಲ್ಲವೇನೋ.

ಅಂದ್ರೆ ವೈವಿಧ್ಯ ಮೊದಲೇ ಇರತ್ತೆ, ವಿಷ ಆರಿಸತ್ತೆ ಅಷ್ಟೇ. ನಮ್ಮ ಭಾರತದ ಮನೆ ಇಲಿಗಳಲ್ಲಿ ಯೂರೋಪಿನವಕ್ಕಿಂತ ಜೆನೆಟಿಕ್ ವೈವಿಧ್ಯ ಜಾಸ್ತಿ, ಹಾಗಾಗಿ ಆರಿಸೋಕೆ ಸಿಗೋ ಸರಕೂ ಜಾಸ್ತಿ ಅನ್ನೋದನ್ನ ನಾವು ಗಂಭೀರವಾಗಿ ತಗೋಬೇಕು.

ಹಾಗಾಗಿ ಅದೇ ಕೇಕ್‌ನ ಮತ್ತೆ ಮತ್ತೆ ಇಡೋದು ಬೇಡ, ಬೋನು ಇಡಿ, ಗೋಡೆ ಸಂದು ಮುಚ್ಚಿ, ಕಾಳು ಡಬ್ಬೀಲಿಡಿ. ಇವುಗಳ ಮುಂದೆ ಇಲಿಗೆ ಆ ಜೀನ್ ಉಪಯೋಗಕ್ಕೆ ಬರಲ್ಲ.