100 ಮೀಟರ್ ಕಂಬ, 15 ಸೆಂಟಿಮೀಟರ್ ನೀರು

ಗಾಳಿಯಂತ್ರದ ಕಂಬ ಅತ್ತಿತ್ತ ತೂಗಾಡುತ್ತದೆ ಎಂದು ಯಾರಿಗಾದರೂ ಹೇಳಿ ನೋಡಿ. ತಕ್ಷಣ ಸಲಹೆ ಬರುತ್ತದೆ: ಇನ್ನಷ್ಟು ಕಬ್ಬಿಣ ಹಾಕಿ, ಗಟ್ಟಿ ಮಾಡಿ. ಸದ್ದು ಮಾಡುತ್ತದೆ ಎಂದರೂ ಅದೇ ಮಾತು. ಕೇಳಲು ಸರಿಯೆನಿಸುತ್ತದೆ. ಆದರೆ ಹಾಗೆ ಮಾಡಿದರೆ ಎಷ್ಟೋ ಸಲ ತೊಂದರೆ ಜಾಸ್ತಿಯೇ ಆಗುತ್ತದೆ. ತಳ್ಳುವ ಬಲ ಎಷ್ಟು ಎನ್ನುವುದಕ್ಕಿಂತ, ತಳ್ಳು ಯಾವ ಗಳಿಗೆಯಲ್ಲಿ ಬೀಳುತ್ತದೆ ಎನ್ನುವುದೇ ಇಲ್ಲಿ ಮುಖ್ಯ.

ಲೆಕ್ಕ ಹಾಕಿ ನೋಡೋಣ. ಸುಮಾರು 100 ಮೀಟರ್ ಎತ್ತರದ ಉಕ್ಕಿನ ಕಂಬ ತಲೆಯ ಮೇಲೆ ನೂರಾರು ಟನ್ ಯಂತ್ರವನ್ನು ಹೊತ್ತು ನಿಂತಿದೆ. ಅದು ಒಮ್ಮೆ ತೂಗಿ ಬರಲು ಮೂರು ಚಿಲ್ಲರೆ ಸೆಕೆಂಡು ಬೇಕು. ಅಂದರೆ ಅದರ ಸ್ವಂತ ಲಯ 0.3 ಹರ್ಟ್ಸ್, ಸೆಕೆಂಡಿಗೆ 0.3 ಸಲ. ರೆಕ್ಕೆಗಳು ನಿಮಿಷಕ್ಕೆ 12 ಸುತ್ತು ತಿರುಗಿದರೆ ಸೆಕೆಂಡಿಗೆ 0.2 ಸುತ್ತು. ರೆಕ್ಕೆಗಳ ತೂಕದಲ್ಲಿ ಚೂರು ವ್ಯತ್ಯಾಸವಿದ್ದರೂ ಕಂಬಕ್ಕೆ ಈ ಲಯದಲ್ಲಿ ತಳ್ಳು ಸಿಗುತ್ತದೆ. ಮೂರು ರೆಕ್ಕೆಗಳೂ ಒಂದೊಂದಾಗಿ ಕಂಬದ ಮುಂದೆ ಹಾಯುವಾಗ ಇನ್ನೊಂದು ತಳ್ಳು, ಅದರ ಲಯ 0.6. ಕಂಬದ 0.3 ಈ ಎರಡರ ನಡುವೆ ಕ್ಷೇಮವಾಗಿದೆ. ಈಗ ಕಬ್ಬಿಣ ಸುರಿಯಿರಿ. ಕಂಬ ಗಟ್ಟಿಯಾದಷ್ಟೂ ಅದರ ಲಯ ಏರುತ್ತದೆ: 0.4, 0.5, ಆಮೇಲೆ 0.6ರ ಬಾಗಿಲಿಗೆ. ಆಗ ಪ್ರತಿ ರೆಕ್ಕೆಯ ತಳ್ಳೂ ಸರಿಯಾದ ಹೊತ್ತಿಗೇ ಬೀಳುತ್ತದೆ. ದಪ್ಪ ಕಂಬ ತೆಳ್ಳನೆಯದಕ್ಕಿಂತ ಜೋರಾಗಿ ಅಲುಗುತ್ತದೆ. ಇದೇ ಅನುರಣನ. 0.6 ದಾಟಿಸಿ ಇನ್ನೂ ಗಟ್ಟಿ ಮಾಡಬಹುದಲ್ಲ ಎಂದರೆ ಖರ್ಚು ಕೈಗೆಟುಕುವುದಿಲ್ಲ. ಕಂಬದ ತುಂಡುಗಳು ಲಾರಿಯ ಮೇಲೆ ಸೇತುವೆಗಳ ಕೆಳಗೆ ನುಸುಳಿ ಬರಬೇಕು. ಅಡ್ಡಗಲ 4.3 ಮೀಟರಿನಷ್ಟಾದರೆ ರಸ್ತೆಯೇ ಬೇಡ ಅನ್ನುತ್ತದೆ.

ತಿರುಗುವ ಯಂತ್ರದ ಕಂಬಕ್ಕೇ ಅಪಾಯ ಹೆಚ್ಚು ಅನ್ನಿಸುತ್ತದೆ, ಅಲ್ವಾ? ಹಿಂದೆ ಮುಂದೆ ತೂಗುವಾಗ ಹಾಗಲ್ಲ. ಕಂಬ ಗಾಳಿಗೆ ಎದುರಾಗಿ ಬಾಗಿದಾಗ ರೆಕ್ಕೆಗಳಿಗೆ ತಾಗುವ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡವೂ ಹೆಚ್ಚುತ್ತದೆ, ಕಂಬವನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದಕ್ಕೆ ಹೋಗುವಾಗ ಒತ್ತಡ ಇಳಿಯುತ್ತದೆ. ಹೀಗೆ ತಿರುಗುವ ರೆಕ್ಕೆಗಳೇ ತೂಗಾಟವನ್ನು ಅಡಗಿಸುತ್ತವೆ. ಎಡಬಲದ ತೂಗಾಟಕ್ಕೆ ಈ ನೆರವು ಅಷ್ಟಾಗಿ ಇಲ್ಲ. ಯಂತ್ರ ನಿಂತಾಗ ಮತ್ತು ಯಂತ್ರವನ್ನು ಇನ್ನೂ ಏರಿಸದ ಬೋಳು ಕಂಬಕ್ಕೆ ಇಲ್ಲವೇ ಇಲ್ಲ.

ಬೋಳು ಕಂಬದ ಕಥೆ ಇನ್ನೂ ಸೊಗಸು. ಗುಂಡನೆಯ ಕಂಬವನ್ನು ಸುತ್ತಿ ಹೋಗುವ ಗಾಳಿ ಹಿಂಬದಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತದೆ. ತಂತಿಗಳು ಗಾಳಿಗೆ ಏಕೆ ಗುಂಯ್ ಅನ್ನುತ್ತವೆ ಎಂದು ಹುಡುಕುತ್ತಿದ್ದ ಚೆಕ್ ವಿಜ್ಞಾನಿ ವಿನ್ಸೆಂಟ್ಸ್ ಸ್ಟ್ರೌಹಾಲ್ 1878ರಲ್ಲಿ ಇದರ ಲೆಕ್ಕ ಕೊಟ್ಟರು. ಗಾಳಿಯ ವೇಗವನ್ನು ಅಡ್ಡಗಲದಿಂದ ಭಾಗಿಸಿ, ಸುಮಾರು 0.2ರಿಂದ ಗುಣಿಸಿ, ಸೆಕೆಂಡಿಗೆ ಎಷ್ಟು ಜೋಡಿ ಸುಳಿ ಎಂಬುದು ಸಿಕ್ಕಿತು. ಕೂದಲಿನಷ್ಟು ತೆಳ್ಳನೆಯ ತಂತಿಗೆ ಹೊಂದುವ ಲೆಕ್ಕವೇ ಕಂಬಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ! 4 ಮೀಟರ್ ಅಡ್ಡಗಲದ ಬೋಳು ಕಂಬದ ಲಯ 0.5 ಎಂದುಕೊಂಡರೆ, ಸುಳಿಯ ಲಯ ಅದಕ್ಕೆ ಕೂಡಲು ಸೆಕೆಂಡಿಗೆ 10 ಮೀಟರ್ ಗಾಳಿ ಸಾಕು. ಅದು ಬಿರುಗಾಳಿಯೇನಲ್ಲ, ಗಂಟೆಗೆ 36 ಕಿಲೋಮೀಟರ್ ಅಷ್ಟೆ. ಅದಕ್ಕೇ ಕೆಲವು ಕಡೆ ಕಂಬ ನಿಲ್ಲಿಸುವಾಗ ದಪ್ಪ ಹಗ್ಗವನ್ನು ಬಳ್ಳಿಯಂತೆ ಓರೆಯಾಗಿ ಸುತ್ತಿರುತ್ತಾರೆ. ಹಗ್ಗ ಕಂಬವನ್ನು ಬಿಗಿಯುವುದಿಲ್ಲ. ಮೇಲಿನ ಸುಳಿ, ಕೆಳಗಿನ ಸುಳಿ ಒಂದೇ ಹೊತ್ತಿಗೆ ಏಳದಂತೆ ಕೆಡಿಸುತ್ತದೆ.

ಇನ್ನು ನೀರು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಅರ್ಧ ಕೊಡ ಹೊತ್ತು ನಡೆದವರಿಗೆ ಇನ್ನೊಂದು ಸಂಗತಿಯೂ ಗೊತ್ತು: ಹೆಜ್ಜೆಯ ಲಯ ನೀರಿನ ಲಯಕ್ಕೆ ಕೂಡಿದಾಗಲೇ ಅದು ಜೋರಾಗಿ ತುಳುಕುತ್ತದೆ. ಆ ತುಳುಕಾಟಕ್ಕೆ ಶಕ್ತಿ ಬರುವುದು ನಡೆಯುವವರಿಂದಲೇ. ಎಂಜಿನಿಯರಿಗೆ ಬೇಕಾದದ್ದು ಇದೇ ಅರ್ಧ ಕೊಡ.

2 ಮೀಟರ್ ಉದ್ದದ ತೊಟ್ಟಿಯಲ್ಲಿ 15 ಸೆಂಟಿಮೀಟರ್ ನೀರು ನಿಲ್ಲಿಸಿ. ಇಷ್ಟು ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 1.2 ಮೀಟರ್ ಓಡುತ್ತದೆ. ಆ ತುದಿಗೆ ಹೋಗಿ ಬರಲು 4 ಮೀಟರ್. ಹಿಡಿಯುವ ಸಮಯ 3.3 ಸೆಕೆಂಡು. ನಮ್ಮ ಕಂಬ ಒಮ್ಮೆ ತೂಗಲು ಹಿಡಿದಷ್ಟೇ! ತೊಟ್ಟಿಯನ್ನು ಕಂಬದ ತುದಿಯಲ್ಲಿಟ್ಟರೆ ನೀರು ಕಂಬಕ್ಕಿಂತ ತುಸು ತಡವಾಗಿ ತುಳುಕುತ್ತದೆ. ಕಂಬ ಬಲಕ್ಕೆ ಹೊರಟಾಗ ನೀರು ಎಡಗೋಡೆಗೆ ಬಡಿಯುತ್ತದೆ, ಎಡಕ್ಕೆ ಹೊರಟಾಗ ಬಲಗೋಡೆಗೆ. ಕಂಬದ ಶಕ್ತಿಯೆಲ್ಲ ನೀರಿಗೆ ಇಳಿಯುತ್ತದೆ, ಅಲೆ ಒಡೆದು ಅಲ್ಲೇ ಕರಗುತ್ತದೆ. ನೀರು ಬೇಗ ಶಾಂತವಾಗಲೆಂದು ತೊಟ್ಟಿಯಲ್ಲಿ ಜಾಲರಿಯನ್ನೂ ಹಾಕುವುದುಂಟು. ಲಯ ಬದಲಾಗಬೇಕೆ? ಇನ್ನೆರಡು ಸೆಂಟಿಮೀಟರ್ ನೀರು ಸುರಿಯಿರಿ. ನಿಜವಾದ ಕಂಬದಲ್ಲಿ ಇಂಥ ತೊಟ್ಟಿಗಳು ಹಲವು ಬೇಕು. ಒಟ್ಟು ನೀರು, ತೂಗಾಡುವ ಭಾರದ ನೂರರಲ್ಲಿ ಒಂದೆರಡು ಪಾಲಿದ್ದರೂ ಕೆಲಸ ನಡೆಯುತ್ತದೆ. ನೀರಿನ ಬದಲು ಎಣ್ಣೆಯಲ್ಲಿ ಮುಳುಗಿದ ಲೋಲಕ ತೂಗುಹಾಕಿದರೂ ತತ್ವ ಒಂದೇ.

ಈ ವಿಚಾರ ಹುಟ್ಟಿದ್ದು ಹಡಗಿನಲ್ಲಿ. ಹ್ಯಾಂಬರ್ಗ್‌ನ ಬ್ಲೋಮ್ ಉಂಡ್ ಫಾಸ್ ಹಡಗು ಕಟ್ಟುವ ಕಂಪನಿಯ ಹರ್ಮನ್ ಫ್ರಾಮ್, ಹಡಗಿನ ಹೊಯ್ದಾಟ ತಗ್ಗಿಸಲು ನೀರಿನ ತೊಟ್ಟಿಗಳನ್ನು ಬಳಸಿದರು. ಕಂಪನ ತಗ್ಗಿಸುವ ಸಾಧನಕ್ಕೆ 1911ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. 1928ರಲ್ಲಿ ಆರ್ಮಂಡ್ರಾಯ್ಡ್ ಮತ್ತು ಡೆನ್ ಹಾರ್ಟೋಗ್ ಎಂಬ ಎಂಜಿನಿಯರುಗಳು ಇದಕ್ಕೆ ಗಣಿತ ಬರೆದರು. ತೂಗಾಡುವ ಭಾರ ಇದ್ದರೆ ಸಾಲದು, ಅದರ ಜೊತೆ ಹದವಾದ ಘರ್ಷಣೆಯೂ ಬೇಕು ಎಂದು ತೋರಿಸಿದ್ದು ಅವರೇ. ಜಾಲರಿ ಮಾಡುವ ಕೆಲಸವೂ ಇದೇ.

ಸದ್ದಿನ ವಿಷಯಕ್ಕೆ ಬರೋಣ. 1979ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಬೂನ್ ಊರಿನ ಮೇಲಿನ ಗುಡ್ಡದಲ್ಲಿ ಮಾಡ್-1 ಎಂಬ 2 ಮೆಗಾವಾಟ್ ಯಂತ್ರ ನಿಂತಿತು. ಎರಡು ರೆಕ್ಕೆ, ಅವು ತಿರುಗುವ ವೃತ್ತ 61 ಮೀಟರ್ ಅಗಲ. ರೆಕ್ಕೆಗಳು ಇದ್ದದ್ದು ಕಂಬದ ಹಿಂದೆ. ಕೆಳಗಿನ ಕೆಲವು ಮನೆಗಳಿಗೆ ಧಡ್ ಧಡ್ ಸದ್ದು, ಕಿಟಕಿಗಳು ಅದುರುತ್ತಿದ್ದವು. ಜನರ ದೂರನ್ನು ತಳ್ಳಿಹಾಕದೆ ವಿಜ್ಞಾನಿಗಳು ಅಳೆದು ನೋಡಿದರು. ಕಂಬದ ದಪ್ಪ ಕಾಲುಗಳ ಹಿಂದೆ ಗಾಳಿ ಕುಗ್ಗುತ್ತಿತ್ತು. ರೆಕ್ಕೆ ಆ ಜಾಗ ಹೊಕ್ಕು ಹೊರಬರುವಾಗ ಅದರ ಮೇಲಿನ ಒತ್ತಡ ಥಟ್ಟನೆ ಬದಲಾಗಿ ಸದ್ದಿನ ಪೆಟ್ಟು ಹುಟ್ಟುತ್ತಿತ್ತು. ನಿಮಿಷಕ್ಕೆ 35 ಸುತ್ತು ಇದ್ದುದನ್ನು 23ಕ್ಕೆ ಇಳಿಸಿದಾಗ ಸದ್ದು ತಗ್ಗಿತು. ಅದಕ್ಕೂ ಮುಂಚೆ ಒಹಾಯೋದ ಮಾಡ್-0 ಯಂತ್ರದಲ್ಲಿ ಕಂಬದೊಳಗಿನ ಮೆಟ್ಟಿಲೇ ಗಾಳಿಗೆ ಅಡ್ಡವಾಗಿ ರೆಕ್ಕೆಗಳಿಗೆ ಪೆಟ್ಟು ಬೀಳುತ್ತಿತ್ತು. ಮೆಟ್ಟಿಲನ್ನೇ ಕಿತ್ತು ಹಾಕಿದರು. ಈಗಿನ ದೊಡ್ಡ ಯಂತ್ರಗಳಲ್ಲಿ ರೆಕ್ಕೆಗಳು ಕಂಬದ ಮುಂದೆ ಇರುತ್ತವೆ.

ನಮ್ಮ ಕಡೆ ಗಾಳಿಯಂತ್ರ ಮೋಡ ಓಡಿಸುತ್ತದೆ, ಮಳೆ ತಡೆಯುತ್ತದೆ ಎಂಬ ಮಾತು ಹಬ್ಬುವುದು ಕಂಡರೆ ನನಗೆ ಬೇಸರ. ಚಿತ್ರದುರ್ಗವೋ ಗದಗವೋ, ಮಳೆ ತರುವ ಮೋಡಗಳು ನೂರಾರು ಕಿಲೋಮೀಟರ್ ಹರಡಿದ ಮುಂಗಾರು ಗಾಳಿಯ ಕೂಸುಗಳು. ಕೆಲವು ರೆಕ್ಕೆಗಳು ಅವನ್ನು ಅಟ್ಟಲಾರವು. ಇಂಥ ಮಾತಿನ ಗದ್ದಲದಲ್ಲಿ ಸದ್ದಿನ ಬಗೆಗಿನ ನಿಜವಾದ ದೂರು ಮುಳುಗಿಹೋಗುತ್ತದೆ. ಅದನ್ನು ಅಳೆಯಬಹುದು, ಸರಿಪಡಿಸಲೂಬಹುದು.

ಕಿರಿಕಿರಿ ಮಾಡುವುದು ರೆಕ್ಕೆಯ ಸುಯ್ ಸದ್ದೊಂದೇ ಅಲ್ಲ, ಒಂದೇ ಶ್ರುತಿಯ ಗುಂಯ್‌ಗುಡುವಿಕೆಯೂ. ಮೇಲಿನ ಗೇರ್‌ಬಾಕ್ಸ್‌ನ ಹಲ್ಲುಗಳು ಒಂದಕ್ಕೊಂದು ಕೂಡುವಾಗ ಹುಟ್ಟುವ ಕಂಪನ ಉಕ್ಕಿನ ಕಂಬಕ್ಕೆ ಇಳಿಯುತ್ತದೆ. ಆ ಅಗಲವಾದ ತಗಡಿನ ಮೈ ಅದನ್ನು ಸುತ್ತಲಿನ ಗಾಳಿಗೆ ದಾಟಿಸುತ್ತದೆ. ಗೇರ್‌ಬಾಕ್ಸ್ ಅಡಿಗೆ ರಬ್ಬರ್ ದಿಂಬು ಕೊಟ್ಟರೆ ಅರ್ಧ ಗೆದ್ದಂತೆ. ಕಂಬದ ಗೋಡೆಗೆ ಪುಟ್ಟ ತೂಗುಭಾರಗಳನ್ನೂ ಅಂಟಿಸಬಹುದು. ಆದರೆ ಗಾಳಿ ಬದಲಾದಂತೆ ಸುತ್ತು ಬದಲಾಗುತ್ತದೆ, ಶ್ರುತಿಯೂ ಬದಲಾಗುತ್ತದೆ. ಒಂದೇ ಶ್ರುತಿಗೆ ಕೂಡಿಸಿದ ಭಾರ ಆಗ ಸುಮ್ನೆ ಕೂರುತ್ತದೆ. ಹಾಗಾಗಿ ಕಂಪನವನ್ನು ಸಂವೇದಕದಿಂದ ಅಳೆದು, ಅದೇ ಕ್ಷಣಕ್ಕೆ ಎದುರು ಕಂಪನ ಕೊಡುವ ಸಾಧನಗಳನ್ನು ರೂಪಿಸಿದ್ದಾರೆ. ಶ್ರುತಿ ಎತ್ತ ಸರಿದರೂ ಅವು ಬೆನ್ನು ಬಿಡುವುದಿಲ್ಲ.