ಯಾವುದಕ್ಕಿಂತ ಕಡಿಮೆ?

ಕಳೆದ ಮಾವಿನ ಸುಗ್ಗಿ ಮುಗಿದ ಮೇಲೆ ಶ್ರೀನಿವಾಸಪುರದ ಕಡೆಯಿಂದ ತಾಯಿ, ಮಗ ಇಬ್ಬರೂ ಕೋಲಾರದ ನನ್ನ ಆಫೀಸಿಗೆ ಬಂದರು. ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ. ಮಗನಿಗೆ ಮಾವಿನ ಪಲ್ಪ್ ಘಟಕ ಹಾಕುವ ಆಸೆ. ಜಮೀನು ತಾಯಿಯ ಹೆಸರಿನಲ್ಲಿದೆ, ಹಾಗಾಗಿ ಬ್ಯಾಂಕ್ ಸಾಲಕ್ಕೆ ಅವರ ಸಹಿ ಬೇಕು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವಲ್ಲ, ಮಗ ಆ ಸುದ್ದಿಯನ್ನು ಮೊಬೈಲಿನಲ್ಲಿ ತೆರೆದು ಮೇಜಿನ ಮೇಲಿಟ್ಟರು. ಒಪ್ಪಂದದಿಂದ ಎರಡೂ ದೇಶಗಳ ವ್ಯಾಪಾರ ವರ್ಷಕ್ಕೆ 2,550 ಕೋಟಿ ಪೌಂಡ್ ಹೆಚ್ಚುತ್ತದೆ ಎಂದು ಬ್ರಿಟನ್ ಸರ್ಕಾರ ಅಂದಾಜು ಮಾಡಿತ್ತು.

"ಮುಂದಿನ ಸೀಸನ್‌ನಿಂದಲೇ ಲೆಕ್ಕ ಹಾಕಿ ಸಾರ್" ಎಂದರು.

ಸ್ವಲ್ಪ ತಾಳಿ ಎಂದೆ. ಯುರೋಪ್ ಒಕ್ಕೂಟ ಬಿಟ್ಟ ಮೇಲೆ, ಅಂದರೆ ಬ್ರೆಕ್ಸಿಟ್ ಆದ ಮೇಲೆ, ಬ್ರಿಟನ್ ಬೆಳೆಯಬೇಕಾದಷ್ಟು ಬೆಳೆದಿಲ್ಲ ಎಂಬ ಅಂದಾಜುಗಳೂ ಇವೆ, ಅವನ್ನೂ ನೋಡೋಣ ಎಂದೆ. ಬಾಯಿ ಮುಚ್ಚುವ ಮೊದಲೇ ಉತ್ತರ ಬಂತು. "ಅಯ್ಯೋ ಬಿಡಿ ಸಾರ್, ಬ್ರೆಕ್ಸಿಟ್ ಆದರೆ ಮುಳುಗೇ ಹೋಗ್ತಾರೆ ಅಂತ ಹೇಳಿದ್ದೆಲ್ಲ ಸುಳ್ಳಾಯ್ತಲ್ಲ!"

2016ರಿಂದ ಈ ಮಾತು ಕೇಳಿ ಕೇಳಿ ನನಗೆ ನಿಜವಾಗಿಯೂ ಬೇಸರ ಬಂದಿದೆ. ಮೊಬೈಲಿನಲ್ಲಿದ್ದ ಅಂಕಿ ಅವರಿಗೆ ದೇವರ ಮಾತು. ನಾನು ಹೇಳಿದ ಅಂದಾಜುಗಳ ಅಂಕಿ ಸುಳ್ಳು. ಆದರೆ ಎರಡೂ ಒಂದೇ ಜಾತಿಯ ಅಂಕಿಗಳು, ಒಂದೇ ರೀತಿಯಲ್ಲಿ ಹುಟ್ಟಿದವು. ಆ 2,550 ಕೋಟಿ ಪೌಂಡ್ ಕೂಡ ಮುಂದಿನ ವರ್ಷ ಬರುವ ದುಡ್ಡಲ್ಲ. ಒಪ್ಪಂದ ಇಲ್ಲದೆ ಹೋಗಿದ್ದರೆ 2040ರಲ್ಲಿ ಎಷ್ಟು ವ್ಯಾಪಾರ ಇರುತ್ತಿತ್ತೋ ಅದಕ್ಕೆ ಹೋಲಿಸಿದರೆ ಅಷ್ಟು ಜಾಸ್ತಿ ಎಂದು ಅರ್ಥ.

"ಹೋಲಿಸಿದರೆ" ಎಂಬ ಆ ಒಂದು ಪದವನ್ನೇ ಎಲ್ಲರೂ ಬಿಟ್ಟು ಓದುತ್ತಾರೆ. ಇವತ್ತು ನಾನು ಬರೆಯಲು ಕೂತಿರುವುದೇ ಅದಕ್ಕಾಗಿ.

2016ರ ಏಪ್ರಿಲ್‌ಗೆ ಹೋಗೋಣ. ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಬ್ರಿಟನ್ ಜನರನ್ನೇ ಕೇಳುವ ಜನಮತಕ್ಕೆ ಇನ್ನೂ ಎರಡು ತಿಂಗಳಿತ್ತು. ಒಕ್ಕೂಟ ಬಿಟ್ಟು ಕೆನಡಾದ ಹಾಗೆ ಒಂದು ವ್ಯಾಪಾರ ಒಪ್ಪಂದ ಮಾಡಿಕೊಂಡರೆ, 15 ವರ್ಷದ ನಂತರ ದೇಶದ ಒಟ್ಟು ಉತ್ಪನ್ನ ಶೇ. 6.2ರಷ್ಟು ಕಡಿಮೆ ಇರುತ್ತದೆ ಎಂದು ಬ್ರಿಟನ್‌ನ ಹಣಕಾಸು ಇಲಾಖೆ ಲೆಕ್ಕ ಕೊಟ್ಟಿತು. ಅದನ್ನು ದೇಶದ ಒಟ್ಟು ಮನೆಗಳಿಗೆ ಹಂಚಿ, ಮನೆಗೆ 4,300 ಪೌಂಡ್ ಎಂದು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಹೇಳಿದರು. ಕೇಳಿದ ಜನ ಏನು ತಿಳಿದುಕೊಂಡರು? ಈಗಿನ ನಮ್ಮ ಸಂಪಾದನೆಯಲ್ಲಿ 4,300 ಪೌಂಡ್ ಖೋತಾ ಎಂದು. ಮುಂದೆ ಸಂಬಳ ಇಳಿಯಲಿಲ್ಲ, ಏರಿತು. ಆಗ ಲೆಕ್ಕ ಹಾಕಿದವರನ್ನೆಲ್ಲ ಸುಳ್ಳುಗಾರರು ಎಂದರು.

ಇಲಾಖೆ ಹೇಳಿದ್ದು ಅದಲ್ಲ. ಒಂದು ಉದಾಹರಣೆ ನೋಡಿ. ಒಕ್ಕೂಟದಲ್ಲೇ ಉಳಿದರೆ 15 ವರ್ಷದಲ್ಲಿ ಇವತ್ತಿನ 100 ರೂಪಾಯಿ 137 ಆಗುತ್ತದೆ ಎಂದುಕೊಳ್ಳಿ. 137ರಲ್ಲಿ ಶೇ. 6.2 ಎಂದರೆ ಸುಮಾರು ಎಂಟೂವರೆ ರೂಪಾಯಿ. ಬಿಟ್ಟು ಹೋದರೆ 128 ರೂಪಾಯಿ 50 ಪೈಸೆ. ಅಂದರೆ ಎರಡೂ ದಾರಿಯಲ್ಲಿ ಕೈಯಲ್ಲಿ ಇವತ್ತಿಗಿಂತ ಜಾಸ್ತಿ ದುಡ್ಡೇ ಇರುತ್ತದೆ. ಜೇಬಿನಲ್ಲಿದ್ದ ಎಂಟೂವರೆ ರೂಪಾಯಿ ಕಳೆಯುವುದಿಲ್ಲ. ಬರಬೇಕಾದ ಎಂಟೂವರೆ ರೂಪಾಯಿ ಬರುವುದಿಲ್ಲ.

ಇದನ್ನು ಪೇಪರಿನ ಮೇಲೆ ಗೀಟು ಎಳೆದು ತೋರಿಸಿದೆ. ಮಗ ತಲೆ ಆಡಿಸಿದರು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ತಾಯಿ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದರು. ಮಗನ ಕಡೆ ತಿರುಗಿ ತೆಲುಗಿನಲ್ಲಿ ಏನೋ ಅಂದು, ಆಮೇಲೆ ನನಗೆ ಹೇಳಿದರು. "ನಮ್ಮ ಸೀಮೆಹಸುವಿನ ಕಥೇನೇ ಅಲ್ವಾ ಸಾರ್ ಇದು?"

ಅವರ ಮನೆಯಲ್ಲಿ ಒಂದೇ ತಾಯಿಯ ಎರಡು ಹಸುಗಳಿದ್ದವು. ಒಂದನ್ನು ಮುಳಬಾಗಿಲಿನ ಮಗಳ ಮನೆಗೆ ಕೊಟ್ಟರು, ಇನ್ನೊಂದನ್ನು ಇಟ್ಟುಕೊಂಡರು. ಮೊದಲ ಸೂಲಿನಲ್ಲಿ ಎರಡೂ ದಿನಕ್ಕೆ 10 ಲೀಟರ್ ಕೊಡುತ್ತಿದ್ದವು. ಎರಡನೇ ಸೂಲಿನ ಹೊತ್ತಿಗೆ ಖರ್ಚು ಜಾಸ್ತಿ ಎಂದು ಮಗ ಹಿಂಡಿ ಕಡಿಮೆ ಮಾಡಿದರು. ಆದರೂ ಹಾಲು 11 ಲೀಟರ್‌ಗೆ ಏರಿತು. ಹಿಂಡಿ ಕಡಿಮೆ ಮಾಡಿದ್ದರಿಂದ ನಷ್ಟ ಏನೂ ಇಲ್ಲ ಎಂದು ಮಗನಿಗೆ ಸಮಾಧಾನ. ಮಗಳ ಮನೆಯಲ್ಲಿ ಮೊದಲಿನಷ್ಟೇ ಹಿಂಡಿ ಹಾಕುತ್ತಿದ್ದರು. ಅಲ್ಲಿ ಅದರ ಅಕ್ಕ 13 ಲೀಟರ್ ಕೊಡುತ್ತಿತ್ತು.

"ಎರಡನೇ ಸೂಲಿಗೆ ಹಾಲು ಏರೋದು ಹಸುವಿನ ಗುಣ. ಇವನು ಹಿಂಡಿ ಹಾಕದೆ ಇದ್ದದ್ದಕ್ಕೆ ಹೋಗಿದ್ದು 2 ಲೀಟರ್. ಡೇರಿ ಪುಸ್ತಕದಲ್ಲಿ ಅದು ಕಾಣಲ್ಲ ಸಾರ್."

ಈ ಕೆಲಸಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತು. ಇಷ್ಟು ಚೆನ್ನಾಗಿ ಯಾರಿಗೂ ಹೇಳಲು ನನಗೆ ಆಗಿರಲಿಲ್ಲ.

ಆದರೆ ಬ್ರಿಟನ್‌ಗೆ ಅಂಥ ಅಕ್ಕ ಇಲ್ಲ. ತೊಂದರೆ ಇರುವುದೇ ಅಲ್ಲಿ. ಒಕ್ಕೂಟದಲ್ಲೇ ಉಳಿದ ಇನ್ನೊಂದು ಬ್ರಿಟನ್ ಎಲ್ಲೂ ಇಲ್ಲ, ಹೋಗಿ ಹಾಲು ಅಳೆದು ಬರಲು ಆಗುವುದಿಲ್ಲ. ಅದಕ್ಕೇ ಕೆಲವು ಅರ್ಥಶಾಸ್ತ್ರಜ್ಞರು 2016ಕ್ಕೆ ಮುಂಚೆ ಬ್ರಿಟನ್ ಜೊತೆಜೊತೆಗೇ ನಡೆಯುತ್ತಿದ್ದ ಬೇರೆ ದೇಶಗಳನ್ನು ಇಷ್ಟಿಷ್ಟು ಪಾಲು ಎಂದು ಬೆರೆಸಿ, ಲೆಕ್ಕದಲ್ಲೇ ಒಂದು ಜೋಡಿ ಬ್ರಿಟನ್ ಕಟ್ಟುತ್ತಾರೆ. ಆಮೇಲೆ ನಿಜವಾದ ಬ್ರಿಟನ್ ಅದಕ್ಕಿಂತ ಎಷ್ಟು ಹಿಂದೆ ಬಿತ್ತು ಎಂದು ನೋಡುತ್ತಾರೆ. ಜಾಣ ಉಪಾಯವೇ. ಆದರೂ ಪೂರ್ತಿ ಭರವಸೆ ಇಡಲು ಆಗುವುದಿಲ್ಲ. ಬ್ರಿಟನ್ ಒಕ್ಕೂಟದ ಮಾರುಕಟ್ಟೆಯಿಂದ ನಿಜವಾಗಿ ಹೊರಬಂದಿದ್ದು 2020ರ ಡಿಸೆಂಬರ್ 31ಕ್ಕೆ. ಅದೇ ವರ್ಷ ಕೋವಿಡ್‌ನಿಂದ ಅಲ್ಲಿನ ಆರ್ಥಿಕತೆ ಸುಮಾರು ಶೇ. 10ರಷ್ಟು ಕುಸಿದಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ಬೆಲೆ ಏರಿತು. ಯಾವ ಪೆಟ್ಟು ಯಾವುದರಿಂದ ಬಿತ್ತು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಸರ್ಕಾರದ ಬಜೆಟ್ ಲೆಕ್ಕವನ್ನು ಸ್ವತಂತ್ರವಾಗಿ ನೋಡುವ ಅಲ್ಲಿನ ಓಬಿಆರ್ ಸಂಸ್ಥೆ, ಉತ್ಪಾದಕತೆ, ಅಂದರೆ ದುಡಿಮೆಗೆ ಸಿಗುವ ಉತ್ಪನ್ನ, ಕಾಲಕ್ರಮದಲ್ಲಿ ಶೇ. 4ರಷ್ಟು ಕಡಿಮೆ ಇರುತ್ತದೆ, ಆಮದು ರಫ್ತು ಶೇ. 15ರಷ್ಟು ಕಡಿಮೆ ಇರುತ್ತವೆ ಎಂದು ಇಟ್ಟುಕೊಂಡಿದೆ. ಇವೂ ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕೆ ಹೋಲಿಸಿ ಹೇಳಿದ್ದು. ನಾನು ಇಂಥ ಅಂಕಿಯನ್ನು 4 ಎಂದು ಓದುವುದಿಲ್ಲ, 2ರಿಂದ 6ರ ಒಳಗೆ ಎಲ್ಲೋ ಎಂದು ಓದುತ್ತೇನೆ. ಅದು ನನ್ನ ಅಭ್ಯಾಸ, ನಿಯಮವಲ್ಲ.

ಹಾಗಾದರೆ ಸುಳ್ಳಾದದ್ದು ಯಾವುದು? ಒಂದು ನಿಜವಾಗಿಯೂ ಸುಳ್ಳಾಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. 2016ರ ಮೇ ತಿಂಗಳಲ್ಲಿ ಅದೇ ಇಲಾಖೆ ಇನ್ನೊಂದು ವರದಿ ತಂದಿತು. ಇದು ಜನಮತದ ನಂತರದ ಎರಡೇ ವರ್ಷದ ಲೆಕ್ಕ. ಬಿಡಬೇಕು ಎಂದು ಜನ ಮತ ಹಾಕಿದರೆ ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆ, ಸುಮಾರು 5 ಲಕ್ಷ ಜನರ ಕೆಲಸ ಹೋಗುತ್ತದೆ, ಮನೆಗಳ ಬೆಲೆ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಶೇ. 10ರಷ್ಟು ಕಡಿಮೆ ಇರುತ್ತದೆ, ಪೌಂಡ್ ಶೇ. 12ರಷ್ಟು ಬೀಳುತ್ತದೆ ಎಂದಿತು. ಜೂನ್ 23ರಂದು ಶೇ. 51.9 ಜನ ಬಿಡೋಣ ಎಂದರು. ಹಿಂಜರಿತ ಬರಲಿಲ್ಲ. ನಿರುದ್ಯೋಗ ಇಳಿಯಿತು. ಫಲಿತಾಂಶ ಬಂದ ಕೂಡಲೇ ಹೊರಹೋಗುವ ನೋಟಿಸ್ ಕೊಡುತ್ತೇನೆ ಎಂದಿದ್ದ ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಕೊಟ್ಟರು. ನೋಟಿಸ್ ಹೋಗಿದ್ದು 2017ರ ಮಾರ್ಚ್ 29ಕ್ಕೆ. ಅದಕ್ಕೂ ಮುಂಚೆ, 2016ರ ಆಗಸ್ಟ್‌ನಲ್ಲೇ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯನ್ನು ಶೇ. 0.5ರಿಂದ 0.25ಕ್ಕೆ ಇಳಿಸಿತು. ಜನ ಹೆದರಿ ಕೈ ಕಟ್ಟಿ ಕೂರಲಿಲ್ಲ, ಖರ್ಚು ಮಾಡುತ್ತಲೇ ಹೋದರು. ಭಯ ಎಷ್ಟು ದಿನ ಇರುತ್ತದೆ ಎಂದು ಅಳೆಯಲು ಯಾರ ಹತ್ತಿರವೂ ಮಾಪಕ ಇಲ್ಲ. ಮೇ ತಿಂಗಳ ವರದಿ ಸೋತಿದ್ದು ಅಲ್ಲಿ. ಸೋತ ವರದಿಯ ಜೊತೆಗೆ ಏಪ್ರಿಲ್ ವರದಿಯನ್ನೂ ಜನ ಕಸದ ಬುಟ್ಟಿಗೆ ಹಾಕಿದರು. ನನ್ನ ತಕರಾರು ಇರುವುದು ಇದಕ್ಕೆ.

ಇಲ್ಲಿ ಇನ್ನೊಬ್ಬರು ನೆನಪಾಗುತ್ತಾರೆ. ಮಾಲೂರಿನ ಕಡೆಯ ಹುಡುಗ, ಆಗ ಇನ್ನೂ ಮೂವತ್ತೂ ದಾಟಿರಲಿಲ್ಲ. ಲಂಡನ್‌ಗೆ ತರಕಾರಿ ಕಳಿಸುತ್ತಿದ್ದ. ಬಿಲ್ ಪೌಂಡಿನಲ್ಲಿ, ದುಡ್ಡು ಬರುವುದು ಎರಡು ತಿಂಗಳಿಗೆ. ಮೇ ತಿಂಗಳಲ್ಲೇ ಹೇಳಿದೆ, "ಅಪ್ಪಾ, ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡಿಸು, ಇವತ್ತಿನ ರೇಟು ಗಟ್ಟಿಯಾಗುತ್ತದೆ." ಸುಮ್ನೆ ಖರ್ಚು ಎಂದ. ಜೂನ್ 24ರಂದು ಪೌಂಡ್ ಡಾಲರ್ ಎದುರು ಒಂದೇ ದಿನದಲ್ಲಿ ಸುಮಾರು ಶೇ. 8ರಷ್ಟು ಬಿತ್ತು. ಅವನ ಲಾಭವೇ ಅಷ್ಟಿರಲಿಲ್ಲ. ಮರುವರ್ಷ ಅದೇ ಹುಡುಗ ನನ್ನ ಮುಂದೆ ಕೂತು, ಆ ವರದಿಗಳೆಲ್ಲ ಬೊಗಳೆ ಸಾರ್, ಹಿಂಜರಿತ ಎಲ್ಲಿ ಬಂತು ಎಂದು ಕೇಳಿದ. ಅವನ ವ್ಯಾಪಾರಕ್ಕೆ ಬೇಕಾಗಿದ್ದ ಒಂದೇ ಒಂದು ವಿಷಯ ಪೌಂಡಿನ ಬೆಲೆ. ಅದನ್ನು ಆ ಸೋತ ವರದಿಯೇ ಸರಿಯಾಗಿ ಹೇಳಿತ್ತು. ಅವತ್ತು ಅವನಿಗೆ ಅದನ್ನು ಹೇಳಲು ಮನಸ್ಸು ಬರಲಿಲ್ಲ. ಈಗ ಬೇರೆ ಕೆಲಸ ಮಾಡಿಕೊಂಡು ಚೆನ್ನಾಗಿದ್ದಾನೆ.

ಎಲ್ಲ ಅರ್ಥಶಾಸ್ತ್ರಜ್ಞರೂ ನಷ್ಟ ಎಂದೇ ಹೇಳಿದ್ದೂ ಅಲ್ಲ. ಪ್ಯಾಟ್ರಿಕ್ ಮಿನ್‌ಫರ್ಡ್ ಎಂಬ ಪ್ರೊಫೆಸರ್ ಮತ್ತು ಅವರ ಜೊತೆಗಾರರು ಸುಮಾರು ಶೇ. 4ರಷ್ಟು ಲಾಭ ಎಂದರು. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಬ್ರಿಟನ್ ತನ್ನ ಆಮದು ಸುಂಕವನ್ನೆಲ್ಲ ತಾನಾಗಿಯೇ ತೆಗೆದುಹಾಕುತ್ತದೆ ಎಂದು ಅವರು ಇಟ್ಟುಕೊಂಡಿದ್ದರು. ಬ್ರಿಟನ್ ಹಾಗೆ ಮಾಡಲಿಲ್ಲ. ಉಳಿದ ಹೆಚ್ಚಿನವರು, ದೇಶಗಳು ಹತ್ತಿರದವರ ಜೊತೆಗೇ ಜಾಸ್ತಿ ವ್ಯಾಪಾರ ಮಾಡುತ್ತವೆ ಎಂಬ ಅಂಶದಿಂದ ಲೆಕ್ಕ ಶುರು ಮಾಡಿದ್ದರು. ಹತ್ತಿರದ ಬಾಗಿಲಿಗೆ ಚಿಲಕ ಬಿದ್ದರೆ ದೂರದ ಗಿರಾಕಿ ಅಷ್ಟನ್ನೂ ತುಂಬಿಕೊಡುವುದಿಲ್ಲ ಎಂಬುದು ಅವರ ವಾದ.

ಇದು ನಮ್ಮವರಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. 2025ರ ಜೂನ್‌ನಲ್ಲಿ ಬೇರೆ ರಾಜ್ಯದ ತೋತಾಪುರಿ ಮಾವು ಒಳಗೆ ಬರಬಾರದು ಎಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಗಡಿಯಲ್ಲೇ ತಡೆಯಿತು. ಶ್ರೀನಿವಾಸಪುರದ ತೋತಾಪುರಿ ಹೋಗುವುದೇ ಅಲ್ಲಿನ ಪಲ್ಪ್ ಫ್ಯಾಕ್ಟರಿಗಳಿಗೆ. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಆ ವಾರ ಯಾರಾದರೂ ನನ್ನನ್ನು ಕೇಳಿದ್ದರೆ, ಬೆಳೆಗಾರರಿಗೆ ಕಷ್ಟ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಟನ್ನಿಗೆ ಎಷ್ಟು ರೂಪಾಯಿ ಇಳಿಯುತ್ತದೆ ಎಂದು ಕೇಳಿದ್ದರೆ ಅಂದಾಜು ಕೊಡುತ್ತಿದ್ದೆ. ಯಾವ ತಾರೀಖಿಗೆ ಸರಿಹೋಗುತ್ತದೆ ಎಂದು ಕೇಳಿದ್ದರೆ ಸುಮ್ಮನಿರುತ್ತಿದ್ದೆ. ಒಕ್ಕೂಟ ಬಿಡುವ ಲೆಕ್ಕಗಳನ್ನು ಎಷ್ಟು ನಂಬಬೇಕು ಎಂದು ನನ್ನನ್ನು ಕೇಳಿದರೆ ಇದೇ ಅಳತೆ. ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಸಾಕಷ್ಟು ನಂಬುತ್ತೇನೆ, ಎಷ್ಟು ಎಂಬುದನ್ನು ಅರ್ಧ, ಯಾವಾಗ ಎಂಬುದನ್ನು ಬಹಳ ಕಡಿಮೆ.

ವ್ಯಾಪಾರ ಕೂಟಕ್ಕೆ ಸೇರದೆ ಇರುವುದಕ್ಕೂ ಇದೇ ಮಾತು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಚೀನಾ, ಜಪಾನ್, ನ್ಯೂಜಿಲೆಂಡ್ ಮೊದಲಾದ ದೇಶಗಳ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರುವುದಿಲ್ಲ ಎಂದಿತು. ನ್ಯೂಜಿಲೆಂಡ್‌ನ ಹಾಲಿನ ಪುಡಿ ಬಂದು ನಮ್ಮ ಡೇರಿಗಳು ಹಾಳಾಗುತ್ತವೆ ಎಂಬ ಭಯ ಈ ಜಿಲ್ಲೆಯಲ್ಲೂ ಇತ್ತು, ಆ ಭಯಕ್ಕೆ ಕಾರಣವೂ ಇತ್ತು. ಈಗ ಕೆಲವರು ಸೇರದೆ ಏನೂ ನಷ್ಟ ಆಗಲಿಲ್ಲ ಎನ್ನುತ್ತಾರೆ, ಕೆಲವರು ಸೇರದೆ ಕೆಟ್ಟೆವು ಎನ್ನುತ್ತಾರೆ. ಇಬ್ಬರನ್ನೂ ನಾನು ಕೇಳುವುದು ಒಂದೇ: ಯಾವುದಕ್ಕೆ ಹೋಲಿಸಿ?

ನಾನೂ ಅಂದಾಜು ಮಾಡಿಯೇ ಹೊಟ್ಟೆ ಹೊರೆಯುವವನು. ಬ್ಯಾಂಕಿಗೆ ಕೊಡುವ ಪ್ರತಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೂ ಐದಾರು ವರ್ಷದ ಮುಂದಿನ ಲಾಭ ನಷ್ಟ ಬರೆಯುತ್ತೇನೆ. ಕೊನೆಯಲ್ಲಿ ಒಂದು ಹಾಳೆ ಇರುತ್ತದೆ. ಹಣ್ಣಿನ ಬೆಲೆ ಇಷ್ಟು, ಕರೆಂಟ್ ಇಷ್ಟು, ಬಡ್ಡಿ ಇಷ್ಟು ಎಂದು ಏನೇನು ಊಹಿಸಿಕೊಂಡಿದ್ದೇನೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಅದನ್ನು ಓದುವವರು ಕಡಿಮೆ. ಎಲ್ಲರೂ ಸೀದಾ ಲಾಭದ ಸಾಲಿಗೆ ಹೋಗುತ್ತಾರೆ. ದಯವಿಟ್ಟು ಆ ಹಾಳೆಯನ್ನು ಮೊದಲು ಓದಿ. ಬ್ರಿಟನ್‌ನ ವರದಿಗಳಿಗೂ ಅಂಥ ಹಾಳೆಗಳಿದ್ದವು. ಹಾಗೆಂದು ಈ ಅಂಕಣ ಓದಿ ಯಾರೂ ಸಾಲ ಮಾಡಬೇಡಿ, ಮಾಡುವ ಸಾಲವನ್ನು ಬಿಡಲೂ ಬೇಡಿ. ಒಬ್ಬೊಬ್ಬರ ವ್ಯವಹಾರ ಒಂದೊಂದು ಥರ, ನಿಮ್ಮ ಪುಸ್ತಕ ನೋಡಿದವರ ಸಲಹೆ ಕೇಳಿ.

ಶ್ರೀನಿವಾಸಪುರದವರ ರಿಪೋರ್ಟ್‌ನಲ್ಲಿ ಆ ಹಾಳೆಯನ್ನು ಮೊದಲ ಪುಟಕ್ಕೆ ತಂದೆ. ಬ್ರಿಟನ್ ಗಿರಾಕಿ ಇದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಒಂದು ಲೆಕ್ಕ, ಎರಡನ್ನೂ ಅಕ್ಕಪಕ್ಕ ಇಟ್ಟೆ. ಮುಂದಿನ ವಾರ ಬಂದಾಗ ಮಗ ಅದನ್ನು ತಾಯಿಗೆ ತೆಲುಗಿನಲ್ಲಿ ಸಾಲು ಸಾಲಾಗಿ ಓದಿ ಹೇಳಿದರು. ಕೇಳಿ ಮುಗಿದ ಮೇಲೂ ಅವರು ಪೆನ್ನು ಹಿಡಿಯಲಿಲ್ಲ.

"ಚಿತ್ತೂರಿನವರು ಮತ್ತೆ ಗಡಿ ಮುಚ್ಚಿದರೆ ಇಲ್ಲಿ ಹಣ್ಣು ಅಗ್ಗ ಆಗುತ್ತೆ, ಅಲ್ವಾ ಸಾರ್? ಅದು ಯಾವ ಸಾಲಿನಲ್ಲಿದೆ?"

ಆ ಸಾಲು ನನ್ನ ಹಾಳೆಯಲ್ಲಿ ಇರಲಿಲ್ಲ. ಸಹಿಯನ್ನು ಮುಂದಿನ ಸೋಮವಾರಕ್ಕೆ ಇಟ್ಟುಕೊಂಡೆವು.